ಹಳೆ ಕಾರಿಗೆ ಹೊಸ ನಕ್ಷೆ ಬೇಕೆ?

ಹಳೆ ಕಾರಿನ ನ್ಯಾವಿಗೇಷನ್ ಪರದೆಗೆ ಹೊಸ ನಕ್ಷೆ ತುಂಬಿಸಬೇಕೆ? ಚಳ್ಳಕೆರೆಯವರಿಗೆ ನನ್ನ ಸಲಹೆ: ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮೊಳಕಾಲ್ಮುರು ರೇಷ್ಮೆ ಸೀರೆ ಕೊಳ್ಳಿ, ಹಳತಾದರೂ ಅದನ್ನು ಯಾರೂ ಬೈಯುವುದಿಲ್ಲ. ಅಲ್ಲಿಗೆ ಹೋಗಲು 150ಎ ಹೆದ್ದಾರಿಯಲ್ಲಿ ಬಳ್ಳಾರಿ ಕಡೆ ಹೊರಟು ಹಾನಗಲ್ ಬಳಿ ತಿರುಗಿದರಾಯಿತು. ದೂರದೂರಿಗೆ ಮೊಬೈಲೇ ಸಾಕು. ಬ್ರಹ್ಮಗಿರಿ ಬುಡದಲ್ಲಿ ನೆಟ್‌ವರ್ಕ್ ಸಿಗದಿದ್ದರೆ? ಜಿಪಿಎಸ್ ಸಂಕೇತ ಬರುವುದು ಉಪಗ್ರಹದಿಂದ, ಟವರಿನಿಂದಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಆಯಿತು. ಮೊಬೈಲ್ ಪರದೆ ಚಿಕ್ಕದೆಂಬ ದೂರು ಒಪ್ಪತಕ್ಕದ್ದೇ. ಅದಕ್ಕೆ ಸ್ಟ್ಯಾಂಡ್ ಇದೆ, ಕನ್ನಡಕವೂ ಇದೆ. ಕಾರಿನ ನಕ್ಷೆಯಾದರೋ ಇಂದು ಹೊಸದಾದರೂ ಮುಂದಿನ ಬೈಪಾಸ್ ತೆರೆದ ದಿನವೇ ಮತ್ತೆ ಹಳತು. ತಿದ್ದುಪಡಿಯಿಲ್ಲದೆ ಎರಡು ಸಾವಿರ ವರ್ಷ ಬಾಳಲು ಅದೇನು ಬ್ರಹ್ಮಗಿರಿಯ ಅಶೋಕನ ಶಾಸನವೇ? ಮಾರುವಾಗ ಬೆಲೆ ಬರುತ್ತದಲ್ಲ ಎನ್ನುತ್ತೀರಾ? ಹಳೆ ಕಾರು ಕೊಳ್ಳುವವರು ಮೊದಲು ಕೇಳುವುದು ಮೈಲೇಜು, ಆಮೇಲೆ ಟೈರು.