ಗ್ರೀವಾಪ್ರಮಾಣ ಅಥವಾ ಅಗ್ಗದ ಜೂಮ್ ಲೆನ್ಸ್ ಮೀಮಾಂಸೆ

ಉಪೋದ್ಘಾತ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಈ ಗ್ರಂಥದ ವಿಷಯ: ಕೈಗೆಟಕುವ ಬೆಲೆಯ, ಹಗುರವಾದ, ಮದುವೆಗೂ ಜಾತ್ರೆಗೂ ಒದಗುವ ಜೂಮ್ ಲೆನ್ಸು. ಪ್ರಯೋಜನ: ಕೊಂಡ ಮೇಲೆ ಮನೆಯಲ್ಲಿ ಯಾರೂ ಬೆಲೆ ಕೇಳದಿರುವುದು. ಸಂಬಂಧ: ಲೆನ್ಸಿಗೂ ಕೊಂಡವನ ಕತ್ತಿಗೂ ನಡುವೆ ಇರುವ ಪಟ್ಟಿ. ಅಧಿಕಾರಿ: ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮೆರಾ, ತಿಂಗಳ ಸಂಬಳ, ಮಂಡಿನೋವು ಈ ಮೂರನ್ನೂ ಹೊಂದಿದವನು.

ಏಳು ತಿಂಗಳು ತಲೆ ಕೆಡಿಸಿಕೊಂಡು ಬರೆದ ಟಿಪ್ಪಣಿಗಳು ನನ್ನ ಮೇಜಿನ ಮೇಲೆ ಗೇಣೆತ್ತರ ಬೆಳೆದಿವೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಮೇಲೊಂದು ಭಾರ ಇಟ್ಟಿದ್ದೇನೆ. ಆ ಭಾರದ ವಿಚಾರ ಗ್ರಂಥಾಂತ್ಯದಲ್ಲಿ ಬರುತ್ತದೆ.

ನಿರುಕ್ತ

ಮೈ ಜುಮ್ಮೆನ್ನಿಸುವುದರಿಂದ ಜೂಮು ಎಂದು ಕೆಲವರು. ಬೆಲೆ ಕೇಳಿದಾಗ ಹಾಗೆ ಆಗುವುದು ನಿಜ. ಆದರೂ ಈ ವ್ಯುತ್ಪತ್ತಿಯನ್ನು ಒಪ್ಪಲಾಗದು, ಪದ ಹೊರಗಿನದು. 35 ಮಿ.ಮೀ. ಸ್ಟಿಲ್ ಕ್ಯಾಮೆರಾಗೆಂದು ಮಾರುಕಟ್ಟೆಗೆ ಬಂದ ಮೊದಲ ಜೂಮು 1959ರ ಝೂಮಾರ್. ವಿನ್ಯಾಸ ಫ್ರಾಂಕ್ ಬ್ಯಾಕ್ ಅವರದು, ವ್ಯಾಪ್ತಿ 36ರಿಂದ 82 ಮಿ.ಮೀ. ಅಲ್ಲಿಯವರೆಗೆ ಚಿತ್ರ ದೊಡ್ಡದಾಗಬೇಕಾದರೆ ಲೆನ್ಸು ಬದಲಿಸಬೇಕಿತ್ತು, ಇಲ್ಲವೇ ಎದ್ದು ನಾಲ್ಕು ಹೆಜ್ಜೆ ಮುಂದೆ ನಡೆಯಬೇಕಿತ್ತು. ಜೂಮಿನ ಹುಟ್ಟಿಗೆ ಸೋಮಾರಿತನವೇ ಮೂಲವೆಂದು ಇದರಿಂದ ಸಿದ್ಧ.

ಲೆನ್ಸಿನ ಮೂತಿಯ ಮೇಲೆ ಬರೆದ 18-55 ಎಂಬುದು ಮಿ.ಮೀ.ಯಲ್ಲಿ ಸಂಗಮದೂರ, ಅಂದರೆ ಫೋಕಲ್ ಲೆಂತ್. 18ರಲ್ಲಿ ಇಡೀ ದಿಬ್ಬಣ, 55ರಲ್ಲಿ ಮದುಮಗಳ ಮುಖವಷ್ಟೇ. ಪಕ್ಕದ 3.5-5.6 ಎಂಬುದು ಎಫ್ ಸಂಖ್ಯೆ. ಇದು ಸಣ್ಣದಾದಷ್ಟೂ ಬೆಳಕು ಹೆಚ್ಚು, ಸಾಲವೂ ಹೆಚ್ಚು.

ಮತತ್ರಯ

ಒಂದೇ ಕಂಪನಿಯ, ಕ್ಯಾನನ್‌ನ, ಲೆನ್ಸುಗಳನ್ನು ಉದಾಹರಣೆಗೆ ಹಿಡಿದರೆ ಮೂರು ಮತಗಳು ಸ್ಪಷ್ಟ.

ಅದ್ವೈತಿಗಳು 18-200ರವರು. ಇರುವುದು ಒಂದೇ ಲೆನ್ಸು, ಉಳಿದದ್ದೆಲ್ಲ ಮಾಯೆ. ತೂಕ 595 ಗ್ರಾಂ. ದ್ವೈತಿಗಳಿಗೆ ಹತ್ತಿರದ್ದೇ ಬೇರೆ, ದೂರದ್ದೇ ಬೇರೆ: 205 ಗ್ರಾಮಿನ 18-55, 375 ಗ್ರಾಮಿನ 55-250. ಭೇದ ಸತ್ಯ, ಆದ್ದರಿಂದ ಚೀಲದಲ್ಲಿ ಎರಡು ಖಾನೆ. ವಿಶಿಷ್ಟಾದ್ವೈತಿಗಳು ನಡುಮಾರ್ಗದ 18-135 ಹಿಡಿದು 480 ಗ್ರಾಮಿಗೆ ಶರಣಾಗುತ್ತಾರೆ.

ಇಲ್ಲಿ ಈ ಗ್ರಂಥಕರ್ತನ ಸ್ವಂತ ಶೋಧವೊಂದಿದೆ. ದ್ವೈತಿಯ ಎರಡೂ ಲೆನ್ಸು ಕೂಡಿದರೆ 580 ಗ್ರಾಂ, ಅದ್ವೈತಿಯದು 595. ಅಂದರೆ ಏಕತ್ವಕ್ಕಾಗಿ ಹೊರುವ ಹೆಚ್ಚುವರಿ ಭಾರ 15 ಗ್ರಾಂ. ಜೊತೆಗೆ ದ್ವೈತಿ 50 ಮಿ.ಮೀ. ದೂರ ಹೆಚ್ಚು ನೋಡುತ್ತಾನೆ. ಕತ್ತಿಗೆ ಒಮ್ಮೆಗೆ ಒಂದನ್ನೇ ತೂಗುಹಾಕಿಕೊಳ್ಳುತ್ತಾನೆ. ಆದರೆ ಅವನು ಲೆನ್ಸು ಬದಲಿಸುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ತೆರೆದ ಕ್ಯಾಮೆರಾದೊಳಗೆ ಜಾತ್ರೆಯ ಧೂಳು ಹೊಕ್ಕಿರುತ್ತದೆ.

ಪೂರ್ವಪಕ್ಷ

‘ಎಫ್ 2.8 ಇಲ್ಲದ ಜೂಮು ಜೂಮೇ ಅಲ್ಲ’ ಎಂದು ಆಕ್ಷೇಪಿಸುವವರಿದ್ದಾರೆ. ಇವರ ವಾದ ಹುರುಳಿಲ್ಲದ್ದಲ್ಲ. 50 ಮಿ.ಮೀ.ಯಲ್ಲಿ ಎಫ್ 5.6 ಎಂದರೆ ಬೆಳಕು ಬರುವ ಕಿಂಡಿಯ ಅಗಲ ಸುಮಾರು 9 ಮಿ.ಮೀ.; ಎಫ್ 2.8 ಎಂದರೆ 18. ಅಗಲ ಎರಡು ಪಟ್ಟು, ಬೆಳಕು ನಾಲ್ಕು ಪಟ್ಟು. ಆದರೆ ಕಿಂಡಿ ಹಿಗ್ಗಿದರೆ ಗಾಜೂ ಹಿಗ್ಗಬೇಕು. ಸಿಗ್ಮಾದ 17-50 ಎಫ್ 2.8 ಲೆನ್ಸು ತೂಗುವುದು 565 ಗ್ರಾಂ.

ಭಾರ ಹೊರದೆ ಕತ್ತಲೆ ಗೆಲ್ಲುವ ಉಪಾಯವೂ ಉಂಟು. ಐಎಸ್, ಅಂದರೆ ಇಮೇಜ್ ಸ್ಟೆಬಿಲೈಸೇಶನ್, ಇರುವ ಲೆನ್ಸು ಕೈನಡುಕವನ್ನು ನಾಲ್ಕು ಸ್ಟಾಪಿನವರೆಗೆ ತಡೆಯುತ್ತದೆಂದು ತಯಾರಕರ ಲೆಕ್ಕ. ಸೆಕೆಂಡಿನ 60ನೇ ಒಂದರಲ್ಲಿ ತೆಗೆಯಬೇಕಾದದ್ದನ್ನು ಕಾಲು ಸೆಕೆಂಡಿನಲ್ಲಿ ತೆಗೆಯಬಹುದು. ಬೇಲೂರಿನ ನವರಂಗದ ಕತ್ತಲೆಗೆ ಇದು ಸಾಕು, ಅಲ್ಲಿನ ಮದನಿಕೆಯರು ಅಲುಗುವುದಿಲ್ಲ. ಆದರೆ ತಾಳಿ ಕಟ್ಟುವಾಗ ನಡುಗುವ ವರನ ಕೈಯನ್ನು ನಿಲ್ಲಿಸುವ ಐಎಸ್ ಇನ್ನೂ ಹುಟ್ಟಿಲ್ಲ. ಅಂಥ ಮುಹೂರ್ತಕ್ಕೆ 160 ಗ್ರಾಮಿನ, ಜೂಮಿಲ್ಲದ 50 ಎಫ್ 1.8 ಜೇಬಿನಲ್ಲಿದ್ದರೆ ಪೂರ್ವಪಕ್ಷ ಅಲ್ಲಿಗೆ ಖಂಡಿತವಾಯಿತು.

ಪ್ರಮಾಣವಿಚಾರ

ಲೆನ್ಸನ್ನು ತಿಳಿಯುವುದು ಹೇಗೆ? ಅಂಗಡಿಯಲ್ಲಿ ಎರಡು ನಿಮಿಷ ಹಿಡಿದು ನೋಡುವುದು ಪ್ರತ್ಯಕ್ಷ. ಅಲ್ಲಿ ಎಲ್ಲ ಲೆನ್ಸೂ ಹಗುರ. ತಯಾರಕರ ಗ್ರಾಫು ನೋಡಿ ಚಿತ್ರ ಊಹಿಸುವುದು ಅನುಮಾನ. ಹೆಸರೇ ಹೇಳುವಂತೆ ಅನುಮಾನ. ಸೋದರಳಿಯ ಹೇಳಿದ್ದು ಶಬ್ದಪ್ರಮಾಣ, ಶಬ್ದವೇನೋ ಜೋರು. ಆದ್ದರಿಂದ ನಾಲ್ಕನೆಯದಾಗಿ ಗ್ರೀವಾಪ್ರಮಾಣವನ್ನು ಪ್ರತಿಪಾದಿಸುತ್ತೇನೆ. ಕತ್ತು ಒಪ್ಪಿದ್ದೇ ಲೆನ್ಸು.

ಇದರ ಪ್ರಯೋಗ ಎರಡು ಹಂತದಲ್ಲಿ ನಡೆಯಿತು. ಮೊದಲು, ಗೆಳೆಯನಿಂದ ಎರವಲು ತಂದ 18-200 ಜೂಮನ್ನು ಬೀದಿಕೊನೆಯ ದಿನಸಿ ಅಂಗಡಿಯ ತಕ್ಕಡಿಗಿಟ್ಟೆ. ಅರ್ಧ ಕಿಲೋ ಬೇಳೆ ದಾಟಿತು. ಅಂಗಡಿಯವರು ಗಂಭೀರವಾಗಿ ‘ಇದು ಕೆಜಿಗೆ ಹೆಂಗೆ ಸಾರ್?’ ಎಂದರು.

ಎರಡನೆಯದು, ಅದೇ ಲೆನ್ಸು ಹೊತ್ತು, ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ. ಬರಿಗಾಲು, ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ನೂರನೆಯ ಮೆಟ್ಟಿಲಲ್ಲಿ ಪಟ್ಟಿ ಬಲಭುಜಕ್ಕೆ ಬಂತು, ಇನ್ನೂರರಲ್ಲಿ ಎಡಕ್ಕೆ, ಮುನ್ನೂರರಲ್ಲಿ ಮಗುವಿನಂತೆ ಕಂಕುಳಿಗೆ. ಉಸಿರಾಡಲು ಬಾಗಿದಾಗ ಲೆನ್ಸಿನ ಕೊಳವೆ ತನ್ನ ಭಾರಕ್ಕೆ ತಾನೇ ಜಾರಿ ಉದ್ದವಾಗಿ ಮಂಡಿಗೆ ಕುಟ್ಟಿತು. ಮೇಲೆ ಹೋಗಿ ನೋಡಿದರೆ 58 ಅಡಿಯ ಬಾಹುಬಲಿ, ಹಿಂದೆ ಸರಿಯೋಣವೆಂದರೆ ಗೋಡೆ. ತಿರುಗಿಸಿ ತಿರುಗಿಸಿ 18ಕ್ಕೆ ತಂದು ತೆಗೆದೆ. ಉಳಿದ 182 ಮಿ.ಮೀ.ಯನ್ನು ಸುಮ್ಮನೆ ಹೊತ್ತು ತಂದಿದ್ದೆ. ಎದುರಿಗೆ, ಎಲ್ಲವನ್ನೂ ಬಿಟ್ಟು ನಿಂತವನು ನನ್ನನ್ನು ನೋಡಿ ಮುಗುಳ್ನಗುತ್ತಿದ್ದ.

ಸಿದ್ಧಾಂತ

ತೆಗೆದ ಚಿತ್ರಗಳ ಸಂಖ್ಯೆಯು ಲೆನ್ಸಿನ ತೂಕಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಹೊಸದು ಕೊಳ್ಳುವ ಮೊದಲು ಹಳೆಯ ಚಿತ್ರಗಳ ಮಾಹಿತಿ ತೆರೆದು, ಯಾವ ಸಂಗಮದೂರದಲ್ಲಿ ಹೆಚ್ಚು ತೆಗೆದಿದ್ದೀರೆಂದು ಎಣಿಸಿ. ನಿಮ್ಮ ಮತ ಅಲ್ಲೇ ಇದೆ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಗಾಜಿನೊಳಗೆ ಜೇಡರಬಲೆಯಂಥ ಎಳೆ ಕಂಡರೆ ಅದು ಫಂಗಸ್. ಲೆನ್ಸು ತೇವದಲ್ಲಿ ಬಹುಕಾಲ ಕಳೆದಿದೆ ಎಂದರ್ಥ.

ಫಲಶ್ರುತಿ

ಇದನ್ನು ಬೆಳಗ್ಗೆ ಓದಿದವರಿಗೆ ಭುಜದ ನೋವು ಶಮನವಾಗುವುದು. ಸಂಬಳದ ದಿನ ಓದಿದವರಿಗೆ ಸಂಬಳ ಉಳಿಯುವುದು.

ಗ್ರಂಥ ಮುಗಿಸಿ, ಪುಟಗಳನ್ನು ಜೋಡಿಸಲೆಂದು ಮೇಲಿಟ್ಟಿದ್ದ ಭಾರವನ್ನು ಎತ್ತಿದೆ. ಕ್ಯಾಮೆರಾ ಕೊಂಡ ದಿನ ಜೊತೆಗೇ ಬಂದಿದ್ದ 18-55. ಏಳು ತಿಂಗಳ ಧೂಳು ಒರೆಸಿ ಕ್ಯಾಮೆರಾಗೆ ಹಾಕಿ ಕತ್ತಿಗೆ ನೇತುಹಾಕಿಕೊಂಡೆ. ಕತ್ತು ಏನೂ ಹೇಳಲಿಲ್ಲ. ಟಿಪ್ಪಣಿಗಳು ಮಾತ್ರ ಫ್ಯಾನಿನ ಗಾಳಿಗೆ ಒಂದೊಂದಾಗಿ ಹಾರತೊಡಗಿದವು.