ಇನ್‌ಕಾಗ್ನಿಟೋ ಕಿಟಕಿಯವರ ಸನ್ನಿಧಾನಕ್ಕೆ ಒಂದು ಬಿನ್ನಹ

ಟೋಪಿ, ಕನ್ನಡಕಧಾರಿಗಳಾದ ಶ್ರೀ ಇನ್‌ಕಾಗ್ನಿಟೋ ಕಿಟಕಿಯವರಿಗೆ, ಶಾಲೆಗೆ ಹೋಗುವ ಮಕ್ಕಳ ತಾಯಿಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ತಮ್ಮದು ದೊಡ್ಡ ಮನೆತನ. 2005ರಲ್ಲೇ ಆಪಲ್‌ನ ಸಫಾರಿ ಬ್ರೌಸರಿನಲ್ಲಿ ತಮ್ಮ ಹಿರಿಯರು ಅವತರಿಸಿದ್ದರು. 2008ರಲ್ಲಿ ಕ್ರೋಮ್ ಜೊತೆ ತಾವು ಬಂದಿರಿ, ಮರುವರ್ಷ ಫೈರ್‌ಫಾಕ್ಸ್‌ನಲ್ಲಿ ದಾಯಾದಿಗಳು ಹುಟ್ಟಿದರು. ಸೈಬರ್ ಸೆಂಟರ್‌ನ ಕಂಪ್ಯೂಟರಿನಲ್ಲಿ ನಮ್ಮ ಲಾಗಿನ್ ಉಳಿಯದಂತೆ ಕಾಪಾಡಿದ್ದೀರಿ. ಆ ಉಪಕಾರ ಮರೆತಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿ, ಆನ್‌ಲೈನ್ ಪಾಠದ ನೆಪದಲ್ಲಿ ಅಪ್ಪಂದಿರ ಮೊಬೈಲು ಮಕ್ಕಳ ಕೈಗೆ ಬಂತಲ್ಲ, ಆಗ ಮೂರು ಚುಕ್ಕಿಯ ಮೆನುವಿನಲ್ಲಿ ತಾವು ಕಾದು ಕುಳಿತಿದ್ದಿರಿ. ವಯಸ್ಸು ಕೇಳುವ ಒರಟುತನ ತಮ್ಮಲ್ಲಿಲ್ಲ. 10 ವರ್ಷದ ಹುಡುಗನಿಗೂ 40ರ ಗೃಹಸ್ಥನಿಗೂ ಒಂದೇ ಮರ್ಯಾದೆ. ಮುಚ್ಚಿದೊಡನೆ ಹಿಸ್ಟರಿ ಇಲ್ಲ, ಕುಕಿ ಇಲ್ಲ, ಹುಡುಕಿದ ಪದದ ಗುರುತಿಲ್ಲ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲೂ ಬಿಡುವುದಿಲ್ಲ. ಸಾಲದೆಂದು ಬೆರಳಚ್ಚಿನ ಬೀಗವನ್ನೂ ಕರುಣಿಸಿದ್ದೀರಿ. ರಾತ್ರಿ ಹಿಸ್ಟರಿ ತೆರೆದ ತಾಯಿಗೆ ಗಣಿತದ ಪಾಠವಷ್ಟೇ ಕಾಣುತ್ತದೆ. ಅವಳಿಗೆ ಬರುವ ಆ ನಿದ್ದೆಗೂ ತಮಗೇ ವಂದನೆ.

ನನ್ನ ಸಂಕಟ ಇಷ್ಟೇ: ಮಕ್ಕಳು ತಮ್ಮನ್ನು ಪೂರಾ ನಂಬಿಬಿಡುತ್ತಾರೆ. ಒಳಗೆ ಬಂದರೆ ಯಾರಿಗೂ ಕಾಣುವುದಿಲ್ಲ ಅಂದುಕೊಳ್ಳುತ್ತಾರೆ. ಕಾಣದಿರುವುದು ಮನೆಯವರಿಗೆ ಮಾತ್ರ. ಹೊಕ್ಕ ಜಾಲತಾಣಕ್ಕೆ ಐಪಿ ವಿಳಾಸ ಕಾಣುತ್ತದೆ. ಯಾವ ತಾಣಕ್ಕೆ ಹೋದರೆಂದು ಇಂಟರ್‌ನೆಟ್ ಕೊಡುವ ಕಂಪನಿಗೂ ಶಾಲೆಯ ವೈಫೈ ನೋಡಿಕೊಳ್ಳುವವರಿಗೂ ತಿಳಿಯಬಹುದು. ಇಳಿಸಿಕೊಂಡ ಫೈಲು ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತದೆ. 13ರ ಹುಡುಗಿಯೊಬ್ಬಳು ಮುಖ ನೋಡದವನಿಗೆ ತನ್ನ ಫೋಟೊ ಕಳಿಸಿದಳೆನ್ನಿ. ಅವಳ ಕಡೆಯ ಜಾಡನ್ನು ತಾವು ಶ್ರದ್ಧೆಯಿಂದ ಅಳಿಸುತ್ತೀರಿ. ಅವನ ಕಡೆಯ ಫೋಟೊ ಹಾಗೇ ಇರುತ್ತದೆ. ಅವನು ಹೆದರಿಸತೊಡಗಿದ ದಿನ, ಎಲ್ಲಿ ಮಾತಾಡಿದೆ, ಯಾವ ತಾಣ ಎಂದು ತೋರಿಸಲು ಆ ಮಗುವಿನ ಬಳಿ ಏನೂ ಉಳಿದಿರುವುದಿಲ್ಲ. ಇದನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಸ್ವಾಮಿ.

ದೊಡ್ಡವರೇ ತಮ್ಮನ್ನು ನಂಬಿ ಕೋರ್ಟು ಹತ್ತಿದ್ದಾರೆ. ಖಾಸಗಿ ಎಂದುಕೊಂಡು ನೋಡಿದ್ದನ್ನೂ ಗೂಗಲ್ ಸಂಗ್ರಹಿಸುತ್ತಿದೆ ಎಂದು ಅಮೆರಿಕದಲ್ಲಿ 2020ರಲ್ಲಿ ಮೊಕದ್ದಮೆ ಹೂಡಿದರು. 2024ರ ರಾಜಿಯಲ್ಲಿ ಕಂಪನಿ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಒಪ್ಪಿತು, ತಮ್ಮ ಮೊದಲ ಪುಟದ ಒಕ್ಕಣೆಯನ್ನೂ ತಿದ್ದಿತು. ಜಾಲತಾಣಗಳು, ಗೂಗಲ್ ಸಮೇತ, ಮಾಹಿತಿ ಕೂಡಿಸುವುದು ಇದರಿಂದ ಬದಲಾಗದು ಎಂದು ಈಗ ಅಲ್ಲೇ ಬರೆದಿದ್ದೀರಿ. ಐದನೇ ಕ್ಲಾಸಿನ ಮಗು ಅದನ್ನು ನಿಧಾನವಾಗಿ ಓದಿ ಅರ್ಥ ಮಾಡಿಕೊಂಡು ಮುಂದುವರಿಯುತ್ತದೆಂಬ ತಮ್ಮ ವಿಶ್ವಾಸ ದೊಡ್ಡದು. 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ನಮ್ಮ ದೇಶ 2023ರಲ್ಲಿ ಕಾಯ್ದೆ ಮಾಡಿದೆ. ಒಳಗೆ ಕುಳಿತಿರುವುದು ಮಗು ಎಂದು ತಾವು ಬಾಯಿಬಿಟ್ಟರೆ ತಾನೇ ಆ ಕಾಯ್ದೆಗೆ ಕೆಲಸ?

ಒಂದು ವಿಷಯದಲ್ಲಿ ಮಾತ್ರ ತಮ್ಮ ಮೇಲೆ ಸಿಟ್ಟು ಬರುವುದಿಲ್ಲ. ಮೊದಲ ಸಲ ಮುಟ್ಟಾಗಿ ಗಾಬರಿಯಾದವಳು, ಮೈಯಲ್ಲಿ ಏನೋ ಬದಲಾಗುತ್ತಿದೆಯೆಂದು ಹೆದರಿದವನು ತಮ್ಮ ಬಳಿ ಬರುತ್ತಾರೆ. "ಇವೆಲ್ಲ ಈಗ್ಲೇ ಯಾಕೆ ನಿಂಗೆ?" ಎಂದು ತಾವು ಗದರುವುದಿಲ್ಲ. ಎಷ್ಟೋ ಮನೆಗಳಲ್ಲಿ ಗದರುತ್ತಾರೆ. ಆದ್ದರಿಂದ ದಿನಾ ಫೋನು ಕಸಿದು ತಡಕಾಡುವವರ ಪಕ್ಷ ನನ್ನದಲ್ಲ. ಆದರೆ ಹಾಗೆ ಬಂದ ಮಗುವಿನ ಮುಂದೆ ವೈದ್ಯರ ಮಾತನ್ನೂ ಹೊಲಸು ವಿಡಿಯೋವನ್ನೂ ಒಂದೇ ಸಮ ಹರವಲು ಬಿಡುವ ತಮ್ಮ ಸಮಭಾವವನ್ನು ನನ್ನಿಂದ ಸಹಿಸಲಾಗದು.

ತಮ್ಮನ್ನು ತಡೆಯುವ ಉಪಾಯಗಳೂ ಇವೆ, ಬಚ್ಚಿಡುವುದೇಕೆ. ಗೂಗಲ್‌ನ ಫ್ಯಾಮಿಲಿ ಲಿಂಕ್‌ಗೆ ಸೇರಿಸಿದ ಮಗುವಿನ ಖಾತೆಯಿದ್ದರೆ ಕ್ರೋಮ್‌ನಲ್ಲಿ ತಾವು ತೆರೆಯುವುದಿಲ್ಲ. ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ವಯಸ್ಕರ ತಾಣಗಳಿಗೆ ಮಿತಿ ಹಾಕಿದರೆ ಸಫಾರಿಯ ಖಾಸಗಿ ಪುಟ ಮಾಯ. ನಮ್ಮ ಕಡೆ ತೊಡಕು ಬೇರೆ: ಮನೆಗೊಂದೇ ಫೋನು, ಖಾತೆ ಅಪ್ಪನದು. ಅಪ್ಪನ ಖಾತೆಯಲ್ಲಿ ಕುಳಿತ ಮಗುವಿಗೆ ಆ ಬೀಗ ತಾಕುವುದೇ ಇಲ್ಲ. ಅಂಥ ಮನೆಯಲ್ಲಿ ಫೋನು ನಡುಮನೆಯಲ್ಲೇ ಇರಲಿ, ತಾವು ಯಾರೆಂದು ಮಗುವಿಗೆ ಮೊದಲೇ ಹೇಳಿರಲಿ ಎಂದು ನೆರೆಹೊರೆಯ ತಾಯಂದಿರಿಗೆ ಹೇಳುತ್ತಿದ್ದೇನೆ. ಅಪಚಾರವೆಂದು ಭಾವಿಸಬಾರದು.

ಕೊನೆಗೊಂದು ದೈನ್ಯದ ಕೋರಿಕೆ. ತಮ್ಮ ಮೊದಲ ಪುಟದಲ್ಲಿ, ಕನ್ನಡದಲ್ಲಿ, ಮಗು ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿ: "ಇಲ್ಲಿ ನೀನು ಅಮ್ಮನಿಗೆ ಕಾಣುವುದಿಲ್ಲ, ಬೇರೆಯವರಿಗೆ ಕಾಣುತ್ತೀಯ. ಯಾರಾದರೂ ಹೆದರಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡು."

ಇತಿ ತಮ್ಮ ವಿಧೇಯಳು,
ಒಬ್ಬ ತಾಯಿ