ನಿಂಬೆಹಣ್ಣಿನ ಕಾವಲು

ಆಯುಧಪೂಜೆಯ ದಿನ ಮೈಸೂರಿನ ಕಾರುಗಳಿಗಿರುವ ಭದ್ರತೆ ಅರಮನೆಗೂ ಇರಲಿಕ್ಕಿಲ್ಲ: ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಮುಂದೆ ಒಡೆದ ಬೂದುಗುಂಬಳಕಾಯಿ. ಮಾರನೇ ದಿನ ಜಂಬೂಸವಾರಿಗೆ ಓಡುವಾಗ ಅದೇ ಯಜಮಾನರು ಲ್ಯಾಪ್‌ಟಾಪ್ ಚೀಲವನ್ನು ಹಿಂದಿನ ಸೀಟಿನಲ್ಲೇ ಬಿಟ್ಟು, “ನಮ್ಮ ಮೈಸೂರಲ್ವೇ, ಯಾರು ಮುಟ್ತಾರೆ ಬಿಡಿ” ಅನ್ನುತ್ತಾರೆ. ನಿಂಬೆಹಣ್ಣು ಕೆಟ್ಟ ದೃಷ್ಟಿಗೆ ಮದ್ದು. ಕಳ್ಳನದೋ ಬಲು ಒಳ್ಳೆಯ ದೃಷ್ಟಿ! ಇನ್ನು ಅಲಾರಂ: ಸರಸ್ವತಿಪುರಂನಲ್ಲಿ ನಡುರಾತ್ರಿ ಅದು ಕೂಗಿದರೆ ಇಡೀ ಬೀದಿ ಎದ್ದು ಶಪಿಸುತ್ತದೆ, ಕಾರಿನವರೊಬ್ಬರನ್ನು ಬಿಟ್ಟು.

ಕಾರು ಹೋದರೆ ವಿಮೆಯವರು ಕೇಳುವುದು ಎಫ್‌ಐಆರ್ ಪ್ರತಿ ಮತ್ತು ಎರಡೂ ಕೀ. ಎರಡನೆಯದು ಕಾರಿನೊಳಗೇ ಇತ್ತು ಅಂದಿರೋ, ಪರಿಹಾರಕ್ಕೂ ಮಂಗಳಾರತಿ. ಪೂಜೆ ಧಾರಾಳವಾಗಿ ಮಾಡಿ. ಆಮೇಲೆ ಚೀಲ ಮನೆಗೆ, ಗಾಜು ಪೂರ್ತಿ ಮೇಲಕ್ಕೆ, ಕೀ ಜೇಬಿಗೆ. ಅಷ್ಟಾದರೂ ಕಳುವಾದರೆ 112ಕ್ಕೆ ಫೋನ್ ಮಾಡಿ.